ಬೆಳ್ತಂಗಡಿಗೆ ಬಾರದ ರಿಪೋರ್ಟು

ಆ ವರ್ಷ ತುಳುವರ ಸೋಣ ತಿಂಗಳು ಹುಟ್ಟಿದ ವಾರದಲ್ಲಿ ನಾನು ದಿನವೂ ಬೆಳ್ತಂಗಡಿಗೆ ಹೋಗಿ ಒಂದು ಕಂಪ್ಯೂಟರಿನ ಮುಂದೆ ಕೂರುತ್ತಿದ್ದೆ. ಅದು ದಿನವೂ ಒಂದೇ ಸಂಗತಿ ತೋರಿಸುತ್ತಿತ್ತು: ಮೂಡುಬಿದಿರೆಯ ಸರ್ವರಿನೊಂದಿಗೆ ಸಂಪರ್ಕ ಸಿಕ್ಕಿದೆ. ಪರದೆಯ ಮೂಲೆಯಲ್ಲಿ ಹಸಿರು ಚುಕ್ಕೆ. ಆದರೆ ಆ ಸಂಪರ್ಕದ ಮೂಲಕ ಒಂದು ಅಕ್ಷರವೂ ಈಚೆಗೆ ಬರುತ್ತಿರಲಿಲ್ಲ.

ನಮ್ಮದು ರಕ್ತ ಪರೀಕ್ಷೆಯ ಲ್ಯಾಬು. ಮೂಡುಬಿದಿರೆಯ ಬಸ್ ನಿಲ್ದಾಣದ ಹತ್ತಿರ ಮುಖ್ಯ ಲ್ಯಾಬು, ಬಂಟ್ವಾಳದಲ್ಲಿ ರಕ್ತ ತೆಗೆದುಕೊಳ್ಳುವ, ಬೇಕಾದರೆ ಇಸಿಜಿಯನ್ನೂ ತೆಗೆಯುವ ಒಂದು ಶಾಖೆ. ಬೆಳ್ತಂಗಡಿಯಲ್ಲಿ ಇನ್ನೊಂದನ್ನು ತೆರೆಯುವ ಯೋಚನೆ ನಡೆದಿತ್ತು. ಶಾಖೆಗಳಲ್ಲಿ ತೆಗೆದ ರಕ್ತ ಐಸ್ ಪೆಟ್ಟಿಗೆಯಲ್ಲಿ ಬಸ್ಸು ಹತ್ತಿ ಮೂಡುಬಿದಿರೆಗೆ ಬರುತ್ತಿತ್ತು. ಕಂಡಕ್ಟರುಗಳು ಅದನ್ನು ಡ್ರೈವರಿನ ಎಡಪಕ್ಕದಲ್ಲಿಟ್ಟು, ಯಾರಾದರೂ ಮೇಲೆ ಕೂರಲು ಹೋದರೆ ಗದರಿಸುತ್ತಿದ್ದರು. ರಿಪೋರ್ಟುಗಳು ಹಿಂದಕ್ಕೆ ಹೋಗಬೇಕಾದದ್ದು ಮಾತ್ರ ಬಸ್ಸಿನಲ್ಲಲ್ಲ, ಕಂಪ್ಯೂಟರಿನಲ್ಲಿ. ಲ್ಯಾಬು ನಡೆಸುವ ಡಾಕ್ಟರು ಮೂಡುಬಿದಿರೆಯಲ್ಲಿ ಒಪ್ಪಿದ ಕೂಡಲೇ ಶಾಖೆಯಲ್ಲಿ ಮುದ್ರಣವಾಗಬೇಕು. ಫೋನಿನಲ್ಲಿ ಓದಿ ಹೇಳಿ ಬರೆಸುವುದನ್ನು ಡಾಕ್ಟರು ಒಪ್ಪುತ್ತಿರಲಿಲ್ಲ.

ಎಂಸಿಎ ಮುಗಿಸಿ ಈ ಕೆಲಸಕ್ಕೆ ಸೇರಿದಾಗ ನನ್ನ ಸಹಪಾಠಿಗಳಲ್ಲಿ ಹೆಚ್ಚಿನವರು ಆಗಲೇ ಊರು ಬಿಟ್ಟಿದ್ದರು. ನನಗೆ ದೂರ ಹೋಗುವ ಆಸೆಯೂ ಇರಲಿಲ್ಲ, ಹೋಗಬಾರದೆಂಬ ಹಠವೂ ಇರಲಿಲ್ಲ. ಮನೆ ಬಂಟ್ವಾಳದಲ್ಲಿ. ಸಿದ್ಧಕಟ್ಟೆಯ ಮೇಲಾಗಿ ಹೋಗುವ ಬಸ್ಸು ಬೆಳಿಗ್ಗೆ ಹಿಡಿದರೆ ಲ್ಯಾಬು ತೆರೆಯುವ ಹೊತ್ತಿಗೆ ಮುಟ್ಟುತ್ತಿದ್ದೆ. ಮೂರೂ ಊರಿನ ಕಂಪ್ಯೂಟರುಗಳು ನನ್ನ ಜವಾಬ್ದಾರಿ.

ಅವೆಲ್ಲ ಲಿನಕ್ಸ್ ಹಾಕಿದ ಕಂಪ್ಯೂಟರುಗಳು. ಅದು ಸಾಹೇಬರ ತೀರ್ಮಾನ. ಸಾಹೇಬರೆಂದರೆ ಡಾಕ್ಟರ ಶಾಲಾ ಗೆಳೆಯರು, ಲ್ಯಾಬಿನ ಪಾಲುದಾರರು. ಪಾಣೆಮಂಗಳೂರಿನ ಬ್ಯಾರಿ ಮುಸ್ಲಿಮರ ಮನೆತನದವರು. ಗಲ್ಫಿನಲ್ಲಿ ಹಲವು ವರ್ಷ ಆಫೀಸುಗಳ ಕಂಪ್ಯೂಟರು ನೋಡಿಕೊಂಡು ವಾಪಸು ಬಂದಿದ್ದರು. "ಜ್ವರ ನೋಡುವ ಲ್ಯಾಬಿನ ಕಂಪ್ಯೂಟರಿಗೇ ವೈರಸ್ ಬಂದ್ರೆ ಜನ ನಗಾಡುವುದಿಲ್ಲವಾ ಮಾರಾಯ್ರೆ?" ಎಂಬುದು ಅವರ ವಾದ. ಕಪ್ಪು ಪರದೆಯಲ್ಲಿ ಆದೇಶಗಳನ್ನು ಬೆರಳಚ್ಚಿಸುವುದು ಅವರಿಗೆ ಹಿಡಿಸುತ್ತಿರಲಿಲ್ಲ. ಚೌಕಕ್ಕೆ ಸರಿ ಗುರುತು ಹಾಕುವ ಪುಟಗಳಿದ್ದರೆ ಮಾತ್ರ ಕೈ ಹಾಕುತ್ತಿದ್ದರು. ಕಪ್ಪು ಪರದೆ ನನಗೆ ಬಿಟ್ಟದ್ದು.

ಮೂಡುಬಿದಿರೆಯ ಸರ್ವರು ಒಂದು ಹಳೆಯ ಕಂಪ್ಯೂಟರು. ಹೊರಗಿನವರನ್ನು ತಡೆಯುವ ಫೈರ್‌ವಾಲ್ ಅದೇ, ನಮ್ಮ ಶಾಖೆಗಳನ್ನು ಒಳಗೆ ಬಿಟ್ಟುಕೊಳ್ಳುವ ಬಾಗಿಲೂ ಅದೇ. ಎಲ್ಲರೂ ಓಡಾಡುವ ಇಂಟರ್ನೆಟ್ಟಿನ ಒಳಗೆ ನಮ್ಮ ಮೂರು ಊರುಗಳಿಗೆ ಮಾತ್ರ ಬೀಗವಿರುವ ಒಂದು ಕೊಳವೆ ಎಳೆದಿದೆ ಎಂದುಕೊಂಡರೆ ಸಾಕು. ವಿಪಿಎನ್ ಎಂದರೆ ಅಷ್ಟೇ. ಬೀಗದ ಕೈ ಹೊಂದಿದರೆ ಕೊಳವೆ ತೆರೆಯುತ್ತದೆ. ಅದರಲ್ಲಿ ಹರಿಯುವುದನ್ನು ಹಿಂಡಿ ಚಿಕ್ಕದು ಮಾಡಿ ಕಳಿಸಲೂಬಹುದು; ಅದಕ್ಕೆ ಕಂಪ್ರೆಷನ್ ಎನ್ನುತ್ತಾರೆ. ನಾನು ಆ ಸಾಲನ್ನು ಹಾಕಿರಲಿಲ್ಲ. ನಮ್ಮ ರಿಪೋರ್ಟುಗಳು ಹೆಚ್ಚಾಗಿ ಒಂದು ಪುಟದ ಅಂಕಿಗಳು, ಹಿಂಡಲು ಅವುಗಳಲ್ಲಿ ಏನೂ ಇರಲಿಲ್ಲ.

ಬೆಳ್ತಂಗಡಿಯ ಕಂಪ್ಯೂಟರನ್ನು ನಾನು ಜೋಡಿಸಿದ್ದು ಕಾರ್ತೆಲ್ ತಿಂಗಳ ಕೊನೆಯಲ್ಲಿ. ಪರೀಕ್ಷೆಗೆಂದು ಮೂಡುಬಿದಿರೆಯಿಂದ ಒಂದು ಸುಳ್ಳು ರಿಪೋರ್ಟು ಕಳಿಸಿದೆವು, ಬಂತು, ಅಚ್ಚಾಯಿತು. ಅಷ್ಟರಲ್ಲಿ ಜಡಿಮಳೆಯ ಆಟಿ ಹತ್ತಿರವಾಗಿತ್ತು, ಸೋಣದ ಹಿಂದಿನ ತಿಂಗಳು. ಆಟಿ ತಿಂಗಳಲ್ಲಿ ನಮ್ಮ ಕಡೆ ಹೊಸ ಕೆಲಸ ಯಾವುದನ್ನೂ ಶುರು ಮಾಡುವುದಿಲ್ಲ. ಡಾಕ್ಟರು ತಮಗೆ ಅದರಲ್ಲಿ ನಂಬಿಕೆಯಿಲ್ಲವೆಂದರು, ಆದರೆ ತಮ್ಮ ತಾಯಿಗಿದೆ ಎಂದರು.

"ನಮಗೆ ಆಟಿ ಇಲ್ಲ ಡಾಕ್ಟ್ರೆ," ಎಂದರು ಸಾಹೇಬರು. "ಆದ್ರೆ ಪೇಷಂಟಿಗೆ ಉಂಟಲ್ಲ. ಆಟಿಯಲ್ಲಿ ತೆರೆದ ಲ್ಯಾಬಿನಲ್ಲಿ ಶುಗರ್ ಜಾಸ್ತಿ ಬಂದ್ರೆ ನಮ್ಮನ್ನೇ ಬೈತಾರೆ. ಸೋಣಕ್ಕೆ ತೆರೆಯುವ."

ಹಾಗಾಗಿ ಬೆಳ್ತಂಗಡಿಯ ಕೋಣೆಗೆ ಶಟರ್ ಎಳೆದು ಬೀಗ ಹಾಕಿದೆವು. ಡಾಕ್ಟರ ತಾಯಿ ಬೀಗದ ಕೈಯನ್ನು ತಮ್ಮ ದೇವರ ಕೋಣೆಯಲ್ಲಿಟ್ಟುಕೊಂಡರು. ಆಟಿ ಕಳೆಯುವ ತನಕ ಯಾರೂ ಅದನ್ನು ಕೇಳುವಂತಿರಲಿಲ್ಲ.

ಅದೇ ಆಟಿಯಲ್ಲಿ ನನ್ನ ಅಮ್ಮ ತೀರಿಕೊಂಡರು.

ನಾನು ಲ್ಯಾಬಿನಲ್ಲಿದ್ದೆ. ಅಪ್ಪನ ಫೋನು ಬಂದದ್ದು ಡಾಕ್ಟರಿಗೆ. ಅವರು ಹೊರಗೆ ಬಂದು, "ನಿಮ್ಮನ್ನು ಮನೆಗೆ ಕರೀತಾ ಇದ್ದಾರೆ," ಎಂದಷ್ಟೇ ಹೇಳಿದರು. ಸಾಹೇಬರು ತಮ್ಮ ಕಾರಿನಲ್ಲಿ ಕರೆದುಕೊಂಡು ಹೋದರು. ಮಾತಿಲ್ಲದೆ ಇರಲು ಬಾರದ ಮನುಷ್ಯ ಅವರು. ಸಿದ್ಧಕಟ್ಟೆ ದಾಟಿದರೂ ಬಾಯಿ ತೆರೆಯಲಿಲ್ಲ. ಅಂಗಳದಲ್ಲಿ ಬಹಳ ಚಪ್ಪಲಿಗಳಿದ್ದವು. ಚಪ್ಪಲಿಗಳನ್ನು ನೋಡಿ ನನಗೆ ಗೊತ್ತಾಯಿತು.

ಉತ್ತರಕ್ರಿಯೆ, ನಮ್ಮ ಕಡೆಯ ಬೊಜ್ಜ, ಮುಗಿಯುವ ತನಕ ನಾನು ಮನೆಯಲ್ಲೇ ಇದ್ದೆ. ಅಳು ಬರಲಿಲ್ಲ. ನೆಂಟರು ಅದನ್ನು ಧೈರ್ಯವೆಂದು ತಿಳಿದು ಹೊಗಳಿದರು. ನಾನು ಬಂದವರಿಗೆ ನೀರು ಕೊಟ್ಟೆ, ಎಲೆ ತೊಳೆದೆ, ಕೇಳಿದ್ದಕ್ಕೆ ಉತ್ತರ ಹೇಳಿದೆ. ಅಮ್ಮನ ಕೊನೆಯ ಗಳಿಗೆಯಲ್ಲಿ ಹತ್ತಿರವಿದ್ದದ್ದು ಅಪ್ಪ ಒಬ್ಬರೇ. ಏನಾಯಿತೆಂದು ನಾನು ಅವರನ್ನು ಕೇಳಲಿಲ್ಲ. ಅವರೂ ತಾವಾಗಿ ಹೇಳಲಿಲ್ಲ. ನಾವಿಬ್ಬರೂ ಒಂದೇ ಬಗೆಯವರು.

ಕೆಲಸಕ್ಕೆ ಮರಳಿದಾಗ ಎಲ್ಲವೂ ಇದ್ದ ಹಾಗೇ ಇತ್ತು, ಜನ ಮಾತ್ರ ಎಚ್ಚರವಾಗಿದ್ದರು. ನಾನು ಒಳಗೆ ಬಂದರೆ ನಗು ನಿಲ್ಲುತ್ತಿತ್ತು. ಸಾಹೇಬರಿಗೆ ಮೊದಲಿನಿಂದ ಒಂದು ಮಾತಿನ ಚಟ. ಪ್ರಿಂಟರು ನಿಂತರೂ, ಬಸ್ಸು ತಡವಾದರೂ, ಚಹಾಕ್ಕೆ ಸಕ್ಕರೆ ಕಡಿಮೆಯಾದರೂ, "ಎಂತ ಸಾವು ಮಾರಾಯ್ರೆ!" ಎನ್ನುತ್ತಿದ್ದರು. ನಮ್ಮ ಕಡೆ ಅರ್ಧ ಊರೇ ಹಾಗೆ ಹೇಳುತ್ತದೆ. ಈಗ ಅವರು "ಎಂತ" ಎಂದು ಶುರು ಮಾಡಿ, ನನ್ನನ್ನು ಕಂಡು, ಉಳಿದದ್ದನ್ನು ನುಂಗುತ್ತಿದ್ದರು. ನಾನು ಗಮನಿಸದವಳ ಹಾಗೆ ಇರುತ್ತಿದ್ದೆ.

ಸೋಣ ಹುಟ್ಟಿತು. ಬೆಳ್ತಂಗಡಿಯಲ್ಲಿ ದೀಪ ಹಚ್ಚಿ, ಬಂದವರಿಗೆ ಅವಲಕ್ಕಿ ಹಂಚಿದರು. ನಾನು ಕಂಪ್ಯೂಟರು ಹಾಕಿದೆ. ಹಸಿರು ಚುಕ್ಕೆ ಬಂತು, ಡಾಕ್ಟರ ತಾಯಿ ಕೈಮುಗಿದರು. ರಿಪೋರ್ಟಿನ ಪುಟ ತೆರೆದೆ. ಬಿಳಿಯ ಪರದೆ ಬಂದು ಹಾಗೆಯೇ ನಿಂತಿತು. ಮತ್ತೆ ತೆರೆದೆ. ಮತ್ತೆ ಬಿಳಿ.

"ಮೇಡಂ ನೋಡ್ತಾರೆ," ಎಂದರು ಡಾಕ್ಟರು ಎಲ್ಲರಿಗೂ ಕೇಳುವಂತೆ.

ಬೆಳ್ತಂಗಡಿಯ ಶಾಖೆ ನಡೆಸಬೇಕಾಗಿದ್ದವರು ಒಬ್ಬ ಟೆಕ್ನಿಶಿಯನ್. ನನಗಿಂತ ದೊಡ್ಡವರು, ನಾನು ಅಕ್ಕ ಎನ್ನುತ್ತಿದ್ದೆ. ಬೆಳ್ತಂಗಡಿಯ ಪಕ್ಕದ ಗುರುವಾಯನಕೆರೆಯಿಂದ ದಿನವೂ ವೇಣೂರಿನ ದಾರಿಯಾಗಿ ಮೂಡುಬಿದಿರೆಗೆ ಬಂದು ಹೋಗುತ್ತಿದ್ದರು. ಗಂಡ ಗಲ್ಫಿನಲ್ಲಿ. ಬಾಲವಾಡಿಗೆ ಹೋಗುವ ಒಬ್ಬಳು ಮಗಳು. ಮಗುವನ್ನು ಇಲ್ಲಿಯ ತನಕ ನೋಡಿಕೊಳ್ಳುತ್ತಿದ್ದ ಅತ್ತೆ ಮುಂಬಯಿಗೆ, ತಮ್ಮ ಮಗಳ ಬಾಣಂತನಕ್ಕೆ ಹೊರಟಿದ್ದರು. ಮನೆಯ ಹತ್ತಿರವೇ ಕೆಲಸ ಸಿಕ್ಕಿದರೆ ಸರಿ, ಮಧ್ಯಾಹ್ನ ಮಗುವನ್ನು ಲ್ಯಾಬಿನ ಬೆಂಚಿನ ಮೇಲೆ ಕೂರಿಸಿಕೊಳ್ಳಬಹುದು. ಸಿಗದಿದ್ದರೆ ಕೆಲಸ ಬಿಡಬೇಕು, ಬೇರೆ ದಾರಿಯಿರಲಿಲ್ಲ.

ಡಾಕ್ಟರು ಮೊದಲ ದಿನದ ಸಂಜೆಯೇ ಹೇಳಿದ್ದರು. "ಈ ವಾರ ನೋಡುವ. ಆಗದಿದ್ರೆ ಬೆಳ್ತಂಗಡಿ ಬೇಡ. ಇವತ್ತಿನ ಶುಗರ್ ನಾಳೆಯ ಬಸ್ಸಿಗೆ ಬರುವುದಾದ್ರೆ ನಮ್ಮಲ್ಲಿಗೆ ಯಾಕೆ ಬರ್ತಾರೆ ಜನ?"

ಅಕ್ಕ ನನ್ನ ಕಡೆ ನೋಡಲಿಲ್ಲ. ಐಸ್ ಪೆಟ್ಟಿಗೆಯ ಮುಚ್ಚಳ ಒರೆಸುತ್ತಿದ್ದರು.

ನನಗೆ ಆ ವಾರ ಆತಂಕವಾಗಬೇಕಿತ್ತು, ಆಗಲಿಲ್ಲ. ಏನು ಮಾಡಬೇಕೆಂದು ಗೊತ್ತಿತ್ತು, ಅದನ್ನು ಒಂದಾದ ಮೇಲೆ ಒಂದು ಮಾಡಿದೆ. ಮೋಡೆಮ್ ಬದಲಿಸಿ ನೋಡಿದೆ. ಗಡಿಯಾರದ ದಿನಾಂಕ ತಪ್ಪಿದ್ದರೆ ಬೀಗದ ಕೈ ಹೊಂದುವುದಿಲ್ಲ, ದಿನಾಂಕ ಸರಿಯಿತ್ತು. ಫೈರ್‌ವಾಲಿನ ನಿಯಮಗಳನ್ನು ಒಂದೊಂದಾಗಿ ಓದಿದೆ. ಕಳಿಸುವ ತುಣುಕುಗಳು ದೊಡ್ಡದಾಗಿ ದಾರಿಯಲ್ಲಿ ಸಿಕ್ಕಿಕೊಳ್ಳುತ್ತವೆಯೇ ಎಂದು ಅವುಗಳನ್ನು ಚಿಕ್ಕದು ಮಾಡಿದೆ. ಏನೂ ಆಗಲಿಲ್ಲ.

ಆ ಕಡೆಯವರು ಇದ್ದಾರೆಯೇ ಎಂದು ತಿಳಿಯಲು ಪಿಂಗ್ ಎಂಬ ಒಂದು ಆದೇಶವಿದೆ. ಗದ್ದೆಯ ಈಚೆ ನಿಂತು ಕೂ ಹಾಕಿ, ಆಚೆಯಿಂದ ಕೂ ಬರುತ್ತದೆಯೇ ಎಂದು ಕಾಯುವ ಹಾಗೆ. ನಾನು ಕೂ ಹಾಕುತ್ತಿದ್ದೆ. ಉತ್ತರ ಬರುತ್ತಿರಲಿಲ್ಲ. ಆದರೂ ಹಸಿರು ಚುಕ್ಕೆ ಆರುತ್ತಿರಲಿಲ್ಲ.

"ಹಸಿರು ಬಂದಿದೆಯಲ್ಲ ಮೇಡಂ, ಮತ್ತೆ ಎಂತ ಬೇನೆ ಅದಕ್ಕೆ?" ಅಕ್ಕ ಕೇಳಿದರು.

"ಗೊತ್ತಿಲ್ಲ ಅಕ್ಕ."

"ಬಾಗಿಲು ತೆಗೆದು ನಿಂತು, ಬನ್ನಿ ಒಳಗೆ ಅಂತ ಹೇಳದ ಮನೆಯ ಹಾಗೆ ಆಯ್ತು ಇದು."

ಬೆಂಚಿನ ಮೇಲೆ ತೋಳಿಗೆ ಹತ್ತಿ ಒತ್ತಿ ಕೂತಿದ್ದ ಅಜ್ಜ ಒಬ್ಬರು ನಕ್ಕರು. ನಿನ್ನೆಯೂ ಬಂದಿದ್ದವರು, ನಿನ್ನೆಯ ರಿಪೋರ್ಟು ಇನ್ನೂ ಸಿಕ್ಕಿರಲಿಲ್ಲ. "ನನ್ನ ರಕ್ತ ಮೂಡುಬಿದಿರೆಗೆ ಹೋಗಿ ಬಸದಿ ಎಲ್ಲ ನೋಡಿ ಬರ್ತದೋ ಏನೋ," ಎಂದರು. "ಸಾವಿರ ಕಂಬ ಲೆಕ್ಕ ಮಾಡ್ಲಿಕ್ಕೆ ಹೊತ್ತು ಬೇಡವಾ? ನಾನೇ ನೋಡ್ಲಿಲ್ಲ ಅದನ್ನು."

"ನಾಳೆ ಖಂಡಿತ ಕೊಡ್ತೇವೆ ಅಜ್ಜ," ಎಂದರು ಅಕ್ಕ.

"ನೀನು ನಿನ್ನೆಯೂ ನಾಳೆಯೇ ಹೇಳಿದ್ದು ಮಗಾ."

ಕಂಪ್ಯೂಟರು ತಾನು ಮಾಡಿದ ಕೆಲಸವನ್ನೆಲ್ಲ ಬರೆದಿಡುವ ಹಾಗೆ ಮಾಡಬಹುದು. ಹಾಗೆ ಮಾಡಿ ನೋಡಿದಾಗ, ಬಂದ ಪ್ರತಿ ತುಣುಕಿಗೂ ಅದು ಒಂದೇ ದೂರು ಬರೆಯುತ್ತಿತ್ತು: ಹದಿನೈದನೆಯ ಆವೃತ್ತಿಯ ತುಣುಕು, ನನಗೆ ಪರಿಚಯವಿಲ್ಲ. ಇಂಟರ್ನೆಟ್ಟಿನ ತುಣುಕುಗಳಲ್ಲಿ ನಾಲ್ಕನೆಯ ಆವೃತ್ತಿಯುಂಟು, ಆರನೆಯದುಂಟು. ಹದಿನೈದು ಇಲ್ಲ. ಆ ಸಾಲನ್ನು ನಾನು ಬಹಳ ಹೊತ್ತು ನೋಡುತ್ತಿದ್ದೆ. ಅಂದರೆ ಮೂಡುಬಿದಿರೆಯಿಂದ ಏನೋ ಬರುತ್ತಿದೆ, ಬರುತ್ತಿರುವುದು ಈ ಕಂಪ್ಯೂಟರಿಗೆ ಅರ್ಥವಾಗುತ್ತಿಲ್ಲ.

ಮೂಡುಬಿದಿರೆಗೆ ಹೋದ ದಿನ ಸರ್ವರಿನಲ್ಲಿ ನಾನು ಬರೆದಿದ್ದ ಕಡತವನ್ನು ತೆರೆದು ಓದಿದೆ. ಹೇಗೆ ಬಿಟ್ಟಿದ್ದೆನೋ ಹಾಗೆಯೇ ಇತ್ತು. ಬೆಳ್ತಂಗಡಿಯದೂ ಹಾಗೆಯೇ ಇತ್ತು. ಬಂಟ್ವಾಳದ ಶಾಖೆ ಅದೇ ಸರ್ವರಿನಿಂದ ಯಾವ ತೊಂದರೆಯೂ ಇಲ್ಲದೆ ನಡೆಯುತ್ತಿತ್ತು. ಆದ್ದರಿಂದ ಸರ್ವರಿನಲ್ಲಿ ದೋಷವಿಲ್ಲವೆಂದು ತೀರ್ಮಾನಿಸಿ, ಮತ್ತೆ ಬೆಳ್ತಂಗಡಿಯ ಬಸ್ಸು ಹತ್ತಿದೆ. ನಾನಿಲ್ಲದಿದ್ದ ಆ ದಿನಗಳಲ್ಲಿ ಏನಾದರೂ ಬದಲಾಗಿರಬಹುದೆಂದು ನನಗೆ ಹೊಳೆಯಲಿಲ್ಲ. ಆ ದಿನಗಳು ಬೇರೆಯವರಿಗೂ ಇದ್ದವು, ಅವುಗಳಲ್ಲಿ ಬೇರೆಯವರು ಕೆಲಸ ಮಾಡಿದ್ದರು ಎಂಬುದೇ ಮನಸ್ಸಿಗೆ ಬಂದಿರಲಿಲ್ಲ.

ವಾರದ ಕೊನೆಗೆ ಬಂದೆವು. ಆ ದಿನ ಮಧ್ಯಾಹ್ನ ಕರೆಂಟು ಹೋಯಿತು. ಯುಪಿಎಸ್ಸು ಸ್ವಲ್ಪ ಹೊತ್ತು ಕೂಗಿ ಸುಮ್ಮನಾಯಿತು. ಬೆಳಗ್ಗಿನ ರೋಗಿಗಳು ಹೋಗಿದ್ದರು. ಹೊರಗೆ ಧರ್ಮಸ್ಥಳದ ಬಸ್ಸುಗಳು ನಿಂತು ಜನರನ್ನು ಕರೆಯುತ್ತಿದ್ದವು. ಅಕ್ಕ ಬುತ್ತಿ ಬಿಚ್ಚಿ, ಮುಚ್ಚಳದಲ್ಲಿ ಅರ್ಧ ಹಾಕಿ ನನ್ನ ಕಡೆ ಸರಿಸಿದರು. ನೀರುದೋಸೆ, ಚಟ್ನಿ. ನಾವು ಆಫೀಸಿನಲ್ಲಿ ಕನ್ನಡದಲ್ಲೇ ಮಾತಾಡುತ್ತಿದ್ದೆವು. ಮೂಡುಬಿದಿರೆಯಲ್ಲಿ ಘಟ್ಟದ ಮೇಲಿನ ವಿದ್ಯಾರ್ಥಿಗಳು ಬರುತ್ತಿದ್ದರಿಂದ ಡಾಕ್ಟರು ಮಾಡಿಸಿದ ಅಭ್ಯಾಸ. ಅಕ್ಕ ತುಳುವಿಗೆ ಹೊರಳಿ ಕೇಳಿದರು.

"ನಿಮ್ಮ ಅಮ್ಮನಿಗೆ ಎಂತ ಆದದ್ದು?"

ಅದುವರೆಗೆ ಯಾರೂ ಹಾಗೆ ಕೇಳಿರಲಿಲ್ಲ. "ಬಿಪಿ ಇತ್ತು," ಎಂದೆ. "ಬಟ್ಟೆ ಒಗೀತಾ ಇದ್ದರಂತೆ. ಹಾಗೆಯೇ ಕೂತರಂತೆ."

"ಅಂತೆ ಅಂದ್ರೆ? ಅಪ್ಪ ಹೇಳಿದ್ರಾ?"

"ನೆಂಟರು ಮಾತಾಡಿಕೊಂಡದ್ದು. ಅಪ್ಪನ ಹತ್ರ ನಾನು ಕೇಳ್ಲಿಲ್ಲ."

ಅಕ್ಕ ನನ್ನ ಮುಖ ನೋಡಿದರು. "ಕೇಳಬೇಕಿತ್ತು," ಎಂದರು. ಆಮೇಲೆ, "ನಾನು ಮೊದಲೇ ನಿಮ್ಮ ಹತ್ರ ಮಾತಾಡ್ತಿದ್ದೆ. ಡಾಕ್ಟ್ರು ಬಿಡ್ಲಿಲ್ಲ. ನೀವು ವಾಪಸು ಬರುವ ಮುಂಚೆ ನಮ್ಮನ್ನೆಲ್ಲ ನಿಲ್ಲಿಸಿ ಹೇಳಿದ್ರು, ಆ ದಿನಗಳ ಸುದ್ದಿ ಯಾವುದೂ ಅವರ ಎದುರು ತೆಗೆಯಬಾರದು ಅಂತ. ಶಾಲೆ ಮಕ್ಕಳಿಗೆ ಹೇಳುವ ಹಾಗೆ."

ನಾನು ದೋಸೆ ಮುರಿದೆ.

"ನಮಗೂ ಆಗ ಕಷ್ಟವೇ ಬಿಡಿ. ಬಂಟ್ವಾಳದಿಂದ ಇಸಿಜಿ ಚಿತ್ರ ಬರುವುದೇ ಇಲ್ಲ, ಬಸವನಹುಳ ಬಂದ ಹಾಗೆ. ಒಬ್ಬರಿಗೆ ಎದೆನೋವು, ಡಾಕ್ಟ್ರು ಪರದೆಯ ಎದುರು ಹಾರ್ತಾ ಇದ್ದಾರೆ. ನಿಮಗೆ ಫೋನ್ ಮಾಡುವ ಅಂತ ಹೊರಟ್ರು. ಸಾಹೇಬ್ರು ಫೋನೇ ಕಿತ್ತುಕೊಂಡ್ರು. ಸಾವಾದ ಮನೆಗೆ ಫೋನ್ ಮಾಡಿ ಕಂಪ್ಯೂಟರ್ ಸರಿ ಮಾಡುವುದು ಹೇಗೆ ಅಂತ ಕೇಳ್ತಾರಾ, ಮನುಷ್ಯರಾ ನಾವು ಅಂತ ಬೈದ್ರು. ಮತ್ತೆ ತಾವೇ ಕೂತ್ರು ಸರ್ವರಿನ ಎದುರು."

ನಾನು ಕೈಯಲ್ಲಿದ್ದ ತುಂಡನ್ನು ಕೆಳಗಿಟ್ಟೆ. "ಎಂತ ಮಾಡಿದ್ರು ಅವರು?"

"ನನಗೆ ಎಂತ ಗೊತ್ತು? ಒಂದು ಪುಟ ತೆಗೆದು ಎಲ್ಲೆಲ್ಲಿ ಚೌಕ ಉಂಟೋ ಅಲ್ಲೆಲ್ಲ ಒತ್ತಿ ನೋಡ್ತಾ ಇದ್ರು. ಮತ್ತೆ ಬಂಟ್ವಾಳಕ್ಕೆ ಹೋದ್ರು. ಅಂತೂ ಸರಿಯಾಯ್ತು."

ಕೈ ತೊಳೆದು ಸಾಹೇಬರಿಗೆ ಫೋನು ಮಾಡಿದೆ.

"ಸರ್, ನಾನಿಲ್ಲದಾಗ ನೀವು ಸರ್ವರಿನಲ್ಲಿ ಎಂತ ಬದಲು ಮಾಡಿದ್ರಿ?"

"ಯಾವಾಗ ಮೇಡಂ?" ಅವರ ದನಿಯಲ್ಲೇ ಗೊತ್ತಾಯಿತು, ಯಾವಾಗ ಎಂದು ಅವರಿಗೆ ತಿಳಿದಿದೆ.

"ಅಮ್ಮ ತೀರಿಕೊಂಡ ಮೇಲೆ."

ಆ ಮಾತನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ನನ್ನ ದನಿ ಎಂದಿನಂತೆಯೇ ಇತ್ತು. ಸಾಹೇಬರು ನಾನು ಕೇಳದೇ ಇದ್ದುದನ್ನು ಹೇಳತೊಡಗಿದರು.

"ಆವತ್ತು ಕಾರಿನಲ್ಲಿ ನಾನು ನಿಮಗೆ ಹೇಳಬೇಕಿತ್ತು ಮೇಡಂ. ಡಾಕ್ಟ್ರು ನನಗೆ ಹೇಳಿದ್ರು, ಮನೆಗೆ ಮುಟ್ಟಿಸಿ, ಅಲ್ಲಿಯವರು ಹೇಳ್ತಾರೆ ಅಂತ. ದಾರಿಯಿಡೀ ಬಾಯಿಯ ತನಕ ಬಂತು. ಹೇಳ್ಲಿಕ್ಕೆ ಆಗ್ಲಿಲ್ಲ."

"ಪರವಾಗಿಲ್ಲ ಸರ್. ಸರ್ವರು?"

"ಸರ್ವರು. ಹೌದು. ಬಂಟ್ವಾಳದ್ದು ಇಸಿಜಿ ಬರ್ತಿರ್ಲಿಲ್ಲ. ಕಂಪ್ರೆಷನ್ ಅಂತ ಒಂದು ಚೌಕ ಉಂಟಲ್ಲ, ಫೈರ್‌ವಾಲಿನ ಪುಟದಲ್ಲಿ? ಅದಕ್ಕೆ ಗುರುತು ಹಾಕಿದೆ. ಬಂಟ್ವಾಳಕ್ಕೆ ಹೋಗಿ ಅಲ್ಲಿಯೂ ಹಾಕಿದೆ. ಸಲೀಸಾಗಿ ಬಂತು."

"ಬೆಳ್ತಂಗಡಿಗೆ?"

"ಬೆಳ್ತಂಗಡಿಗೆ ಬೀಗ ಅಲ್ವಾ? ಡಾಕ್ಟ್ರ ಅಮ್ಮನ ದೇವರ ಕೋಣೆಯಲ್ಲಿ ಕೀ. ಆಟಿಯಲ್ಲಿ ಅಲ್ಲಿಗೆ ಹೋಗಿ, ಅಮ್ಮ ಕೀ ಕೊಡಿ ಅಂತ ನಾನು ಕೇಳ್ಲಿಕ್ಕುಂಟಾ? ನೀವು ಬಂದ ಮೇಲೆ ಹೇಳುವ ಅಂತ ಇದ್ದೆ. ನೀವು ಬಂದ್ರಿ. ಮುಖ ನೋಡಿದೆ. ಆ ಸುದ್ದಿ ಎತ್ತಿದ್ರೆ ಯಾಕೆ ಮಾಡಿದ್ದು, ಯಾವತ್ತು ಮಾಡಿದ್ದು ಅಂತ ಬರ್ತದೆ. ಮತ್ತೆ ಮರೆತೇ ಬಿಟ್ಟೆ." ನಂತರ ಬಹಳ ಸಣ್ಣ ದನಿಯಲ್ಲಿ, "ಅದೇನಾ ಮೇಡಂ? ಅದಕ್ಕೇನಾ ಈ ವಾರ ಇಡೀ ಹೀಗಾದದ್ದು?" ಎಂದರು.

"ಅದೇ ಇರಬೇಕು."

ಕರೆಂಟು ಬರುವುದನ್ನು ಕಾಯುತ್ತ ಕೂತಾಗ ಉಳಿದದ್ದು ತಾನಾಗಿ ಅರ್ಥವಾಯಿತು. ಸಾಹೇಬರು ಗುರುತು ಹಾಕಿದ ಪುಟ ತನ್ನದೇ ಬೇರೆ ಕಡತವನ್ನು ಬರೆದುಕೊಳ್ಳುತ್ತದೆ. ಸರ್ವರು ಈಗ ಓದುತ್ತಿರುವುದು ಅದನ್ನು. ನಾನು ತೆರೆದು ನೋಡುತ್ತಿದ್ದದ್ದು ನನ್ನ ಹಳೆಯದನ್ನು. ಕಂಪ್ರೆಷನ್ ಹಾಕಿದ ಮೇಲೆ ಸರ್ವರು ಕಳಿಸುವ ಪ್ರತಿ ತುಣುಕಿನ ಮುಂದೆ ಒಂದು ಗುರುತು ಸೇರುತ್ತದೆ, ಇದನ್ನು ಹಿಂಡಿದೆ, ಇದನ್ನು ಹಿಂಡಿಲ್ಲ ಎಂದು ತಿಳಿಸಲು. ಬಂಟ್ವಾಳಕ್ಕೆ ಆ ಗುರುತು ಗೊತ್ತು. ಬೆಳ್ತಂಗಡಿಗೆ ಗೊತ್ತಿಲ್ಲ. ಅದು ಗುರುತನ್ನೇ ತುಣುಕಿನ ಮೊದಲ ಅಕ್ಷರವೆಂದು ಓದಿ, ಹದಿನೈದನೆಯ ಆವೃತ್ತಿ ಎಂದು ಬರೆದು, ಎಸೆಯುತ್ತಿತ್ತು. ಬೀಗದ ಕೈ ಹೊಂದುತ್ತಿದ್ದುದರಿಂದ ಚುಕ್ಕೆ ಹಸಿರಾಗಿಯೇ ಇತ್ತು.

ಕರೆಂಟು ಬಂತು. ಬೆಳ್ತಂಗಡಿಯ ಕಡತದಲ್ಲಿ ಕಂಪ್ರೆಷನ್ನಿನ ಒಂದು ಸಾಲು ಸೇರಿಸಿ ಸಂಪರ್ಕವನ್ನು ಮತ್ತೆ ಶುರು ಮಾಡಿದೆ. ಹಸಿರು ಚುಕ್ಕೆ. ಕೂ ಹಾಕಿದೆ. ಆ ಕಡೆಯಿಂದ ಉತ್ತರ ಬಂತು, ಮತ್ತೆ ಬಂತು, ಬರುತ್ತಲೇ ಇತ್ತು. ರಿಪೋರ್ಟಿನ ಪುಟ ತೆರೆದುಕೊಂಡಿತು. ವಾರವಿಡೀ ಕಾದಿದ್ದ ಹೆಸರುಗಳೆಲ್ಲ ಒಂದರ ಕೆಳಗೊಂದು ನಿಂತಿದ್ದವು. ಅಕ್ಕ ನನ್ನ ಭುಜದ ಮೇಲಿಂದ ಬಗ್ಗಿ ನೋಡಿ, ಮೊದಲು ಬಸದಿ ಅಜ್ಜನ ರಿಪೋರ್ಟು ಒತ್ತಿದರು. ಪ್ರಿಂಟರು ಕಾಗದ ಎಳೆದುಕೊಂಡಿತು.

"ಶುಗರ್ ಉಂಟು ಅಜ್ಜನಿಗೆ," ಎಂದರು. ಆಮೇಲೆ ಕುರ್ಚಿಯ ಮೇಲೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡು, ಮನೆಗೆ ಫೋನು ಮಾಡಿದರು. "ಅತ್ತೆ, ನೀವು ಮುಂಬಯಿಗೆ ಹೊರಡಿ. ಹ್ಞಾಂ, ಆಯ್ತು. ಇಲ್ಲಿಯೇ. ನಾನು ಇಲ್ಲಿಯೇ ಇರ್ತೇನೆ ಇನ್ನು."

ನನಗೆ ಸಂತೋಷವಾಗಬೇಕಿತ್ತು. ಅವರಿಗೆ ಒಳ್ಳೆಯದಾಯಿತೆಂದು ಗೊತ್ತಿತ್ತು, ಗೊತ್ತಿದ್ದಷ್ಟೇ. ಡಾಕ್ಟರಿಗೆ ಫೋನು ಮಾಡಿ ಸರಿಯಾಯಿತೆಂದು ತಿಳಿಸಿದೆ. "ಎಂತ ಆಗಿತ್ತಂತೆ?" ಎಂದು ಕೇಳಿದರು. ಕಂಪ್ರೆಷನ್ ಎರಡೂ ಕಡೆ ಒಂದೇ ಇರಬೇಕು, ಇರಲಿಲ್ಲ ಎಂದೆ. ಸಾಹೇಬರ ವಿಷಯ ಹೇಳುವ ಅಗತ್ಯ ಕಾಣಲಿಲ್ಲ. ಬೆಳ್ತಂಗಡಿ ಇರಲಿ ಹಾಗಾದ್ರೆ ಎಂದರು ಡಾಕ್ಟರು.

ಸಂಜೆ ಪುಂಜಾಲಕಟ್ಟೆಯ ಮೇಲಾಗಿ ಬರುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಮಡಂತ್ಯಾರಿನಲ್ಲಿ ಶಾಲೆಯ ಮಕ್ಕಳು ಹತ್ತಿದರು, ವಗ್ಗದಲ್ಲಿ ಇಳಿದರು. ಸಾಹೇಬರು ಕಾರಿನಲ್ಲಿ ಬಾಯಿ ತೆರೆಯದೆ ಕೂತಿದ್ದದ್ದು ನೆನಪಾಯಿತು. ನಾನು ಆಗ ಅದನ್ನು ನನ್ನ ಮೇಲಿನ ಮರ್ಯಾದೆಯೆಂದು ತಿಳಿದಿದ್ದೆ. ಅವರು ಹೇಳಬೇಕಾದದ್ದನ್ನು ಹಿಡಿದುಕೊಂಡು ಕೂತಿದ್ದರು ಎಂದು ತಿಳಿದಿರಲಿಲ್ಲ. ಬಸ್ಸು ಬಂಟ್ವಾಳ ಮುಟ್ಟುವ ತನಕ ಅದೊಂದನ್ನೇ ಯೋಚಿಸಿದೆ. ಅಪ್ಪ ಏನನ್ನು ಹಿಡಿದುಕೊಂಡು ಕೂತಿರಬಹುದು ಎಂದು.

ಅಪ್ಪ ಅಡುಗೆಮನೆಯಲ್ಲಿದ್ದರು. ಅಮ್ಮ ಹೋದ ಮೇಲೆ ಸಂಜೆಯ ಚಹಾ ಅವರೇ ಮಾಡುತ್ತಿದ್ದರು, ಹಾಲು ಹೆಚ್ಚಾಗುತ್ತಿತ್ತು. ನಾನು ಚೀಲ ಇಳಿಸಿ, ಬಾಗಿಲಿನ ಹತ್ತಿರವೇ ನಿಂತೆ.

"ಅಪ್ಪ, ಆವತ್ತು ಬೆಳಿಗ್ಗೆ ಎಂ‌ತ ಆಯ್ತು?"

ಯಾವತ್ತು ಎಂದು ಅವರು ಕೇಳಲಿಲ್ಲ. ಒಲೆ ಆರಿಸಿದರು. ಲೋಟಗಳಿಗೆ ಚಹಾ ಸೋಸಿದರು. ಆಮೇಲೆ ಹೇಳಿದರು.

"ನೀನು ಹೋದ ಮೇಲೆ ಗಂಜಿ ಕುಡಿದಳು. ಬಟ್ಟೆ ಒಗೆಯಲಿಕ್ಕೆ ಕೂತಳು. ಬಿಸಿಲು ಬಂತು ನೋಡಿ, ಆಟಿಯ ಬಿಸಿಲು ಬಿಡಬಾರದು ಅಂದಳು. ನಾನು ಜಗಲಿಯಲ್ಲಿ ಪೇಪರ್ ನೋಡ್ತಾ ಇದ್ದೆ. ಬಕೆಟ್ ಮಗುಚಿದ ಶಬ್ದ ಕೇಳಿತು. ಹೋಗಿ ನೋಡಿದ್ರೆ ಕಲ್ಲಿಗೆ ಒರಗಿ ಕೂತಿದ್ದಾಳೆ." ಅವರು ನನ್ನ ಲೋಟವನ್ನು ನನ್ನ ಕಡೆ ಸರಿಸಿದರು. "ಮಾತಾಡಿದಳು. ನಿನ್ನ ಚೂಡಿದಾರ ಇನ್ನೂ ಹಿಂಡಿಲ್ಲ, ಒದ್ದೆಯಲ್ಲೇ ಹಾಕಬೇಡಿ, ವಾಸನೆ ಬರ್ತದೆ ಅಂದಳು. ಅಷ್ಟೇ. ಆಮೇಲೆ ಮಾತಿಲ್ಲ."

"ನೀವು ಎಂತ ಮಾಡಿದ್ರಿ?"

"ರಿಕ್ಷಾ ತರ್ಲಿಕ್ಕೆ ಓಡಿದೆ. ರಿಕ್ಷಾ ಬಂತು." ಚಹಾದ ಪಾತ್ರೆಗೆ ನೀರು ಹಾಕಿ, "ನಿನ್ನ ಚೂಡಿದಾರ, ನೀಲಿಯದ್ದು. ನಾನು ಅದನ್ನು ಹಿಂಡಿ ಹಾಕಿದೆ ಮತ್ತೆ. ನೆಂಟರು ಬರುವ ಮೊದಲು," ಎಂದರು.

ನೀಲಿ ಚೂಡಿದಾರ ಬೊಜ್ಜದ ನಂತರ ಮಡಿಸಿದ ಬಟ್ಟೆಗಳ ನಡುವೆ ಇತ್ತು. ಯಾರು ಒಣಗಿಸಿದರೆಂದು ನಾನು ಯೋಚಿಸಿರಲಿಲ್ಲ. ಅದನ್ನು ತೊಟ್ಟು ಕೆಲಸಕ್ಕೂ ಹೋಗಿದ್ದೆ. ಚಹಾ ಕುಡಿದೆವು. ನಾನು ಇನ್ನೂ ಏನಾದರೂ ಕೇಳುತ್ತೇನೆಯೋ ಎಂದು ಅಪ್ಪ ಕಾದರು. ನಾನು ಕೇಳಲಿಲ್ಲ. ಲೋಟಗಳನ್ನು ತೊಳೆದಿಟ್ಟೆ. ಅಳು ಆಗಲೂ ಬರಲಿಲ್ಲ.

ಸೋಮವಾರ ಮೂಡುಬಿದಿರೆಯಲ್ಲಿ ಸಾಹೇಬರು ನನಗಿಂತ ಮೊದಲೇ ಬಂದು ಸರ್ವರಿನ ಪಕ್ಕ ನಿಂತಿದ್ದರು, ಮುಟ್ಟದೆ. "ಇನ್ನು ಒಂದು ಚೌಕ ಒತ್ತುವುದಾದ್ರೂ ನಿಮ್ಮನ್ನು ಕೇಳಿಯೇ ಮೇಡಂ," ಎಂದರು. "ನೀವು ಎಲ್ಲಿದ್ರೂ ಸರಿ, ಎಂತ ಆದ್ರೂ ಸರಿ. ಫೋನ್ ಮಾಡ್ತೇನೆ."

"ಮಾಡಿ ಸರ್," ಎಂದೆ. ಅವರು ಹಾಕಿದ ಗುರುತನ್ನು ಹಾಗೆಯೇ ಉಳಿಸಿದೆ. ನನ್ನ ಹಳೆಯ ಕಡತವನ್ನು ಅಳಿಸಿದೆ.

ಅಷ್ಟರಲ್ಲಿ ಬೆಳ್ತಂಗಡಿಯಿಂದ ಫೋನು ಬಂತು.

"ಮೇಡಂ, ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡಿದೆ," ಎಂದರು ಅಕ್ಕ. "ಬಾಕಿ ಎಲ್ಲ ಬರ್ತಾ ಉಂಟು."

ಅವರ ಹಿಂದಿನಿಂದ ಮಗುವಿನ ದನಿ ಕೇಳುತ್ತಿತ್ತು. ಬೆಂಚಿನ ಮೇಲೆ ನಿಲ್ಲಬೇಡ, ಕೂತುಕೋ ಎಂದು ಅಕ್ಕ ಅತ್ತ ಗದರಿಸಿದರು. ಹಿಂದಿನ ಮುಚ್ಚಳ ತೆಗೆದು, ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು, ನಿಧಾನಕ್ಕೆ ಎಳೆಯಿರಿ ಎಂದು ನಾನು ಹೇಳಿದೆ.